ಅನಾಮಿಕ ವೀರ್ಯದಾನ: ಕಿಷ್ಕಿಂಧೆಯಿಂದ ರಿಜಿಸ್ಟ್ರಿಯವರೆಗೆ

ಬಳ್ಳಾರಿ ಜಿಲ್ಲೆಯ ದರೋಜಿ, ಕಂಪ್ಲಿ ಕಡೆಯ ಹಳ್ಳಿಗಳಲ್ಲಿ ಆಕಳು ಬೆದೆಗೆ ಬಂದರೆ ಈಗ ಹೋರಿ ಹುಡುಕಿಕೊಂಡು ಹೋಗುವವರು ಕಡಿಮೆ. ಪಶು ಆಸ್ಪತ್ರೆಗೆ ಫೋನ್ ಹೋಗುತ್ತದೆ, ಬೈಕಿನ ಹಿಂದೆ ದ್ರವ ಸಾರಜನಕದ ಕ್ಯಾನ್ ಕಟ್ಟಿಕೊಂಡು ಒಬ್ಬರು ಬರುತ್ತಾರೆ. ಮುಚ್ಚಳ ತೆಗೆದರೆ ಬಿಳಿ ಹೊಗೆ. ಒಳಗಿನಿಂದ ಇಕ್ಕಳದಲ್ಲಿ ಎತ್ತುವ ಪ್ಲಾಸ್ಟಿಕ್ ಕಡ್ಡಿ ಬಾಲ್‌ಪೆನ್ನಿನ ರೀಫಿಲ್‌ನಷ್ಟೇ ದಪ್ಪ. ಆ ಕಡ್ಡಿಯ ಮೈಮೇಲೆ ಹೋರಿಯ ನಂಬರು, ತಳಿ, ವೀರ್ಯ ಸಂಗ್ರಹಿಸಿದ ಕೇಂದ್ರ, ತಾರೀಖು ಎಲ್ಲವೂ ಅಚ್ಚಾಗಿರುತ್ತದೆ. ಮುಂದೆ ಕರುವಿನ ಕಿವಿಗೆ 12 ಅಂಕಿಯ ಹಳದಿ ಬಿಲ್ಲೆ ಬೀಳುತ್ತದೆ. ಈ ಕರುವಿನ ಅಪ್ಪ ಯಾರು ಎಂದು ಮೂರು ವರ್ಷ ಬಿಟ್ಟು ಕೇಳಿದರೂ ಉತ್ತರ ಹುಡುಕಲು ಒಂದು ಲೆಕ್ಕ ಇದೆ.

ಮನುಷ್ಯರ ವೀರ್ಯವನ್ನೂ ಇಡುವುದು ಅದೇ ದ್ರವ ಸಾರಜನಕದಲ್ಲಿ, ಅದೇ ಮೈನಸ್ 196 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ. ಆದರೆ ಅದನ್ನು ಪಡೆಯುವ ದಂಪತಿಗೆ ಕಾಣುವುದು ಒಂದು ಸಂಕೇತ ಸಂಖ್ಯೆ ಮಾತ್ರ. ಕೊಟ್ಟವನ ಹೆಸರು ಅವರಿಗೆ ಗೊತ್ತಾಗುವುದಿಲ್ಲ, ಅವರ ಹೆಸರು ಕೊಟ್ಟವನಿಗೆ ಗೊತ್ತಾಗುವುದಿಲ್ಲ. ಹುಟ್ಟುವ ಮಗುವಿಗಂತೂ ಕೊಟ್ಟವನ ಸುಳಿವೇ ಇರುವುದಿಲ್ಲ. ಇದೇ ಅನಾಮಿಕ ವೀರ್ಯದಾನ. ಗಂಡನಲ್ಲಿ ವೀರ್ಯಾಣು ಇಲ್ಲದಿದ್ದಾಗ, ಆತನಿಂದ ಮಗುವಿಗೆ ಗಂಭೀರ ಆನುವಂಶಿಕ ರೋಗ ದಾಟುವ ಭಯವಿದ್ದಾಗ, ಅಥವಾ ಮಗು ಬೇಕೆನ್ನುವ ಹೆಣ್ಣು ಒಂಟಿಯಾಗಿದ್ದಾಗ ವೈದ್ಯರು ಈ ದಾರಿ ತೋರಿಸುತ್ತಾರೆ. ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವುದು ಐಯುಐ, ಪ್ರಯೋಗಾಲಯದಲ್ಲಿ ಅಂಡದೊಡನೆ ಕೂಡಿಸಿ ಭ್ರೂಣವನ್ನು ಒಳಗಿಡುವುದು ಐವಿಎಫ್. ಎರಡನೆಯದನ್ನು ನಮ್ಮ ಪತ್ರಿಕೆಗಳು ಬಹುಕಾಲ ಪ್ರನಾಳ ಶಿಶು ಎಂದು ಕರೆದವು.

ತಂತ್ರಕ್ಕಿಂತ ತಂಟೆ ಇರುವುದು ಮನೆಯೊಳಗೆ. ಮಕ್ಕಳಾಗದಿದ್ದರೆ ಊರ ಬಾಯಿಗೆ ಬರುವ ಪದ ಬಂಜೆ, ಅದು ಹೆಂಗಸಿಗೇ ಮೀಸಲು. ಗಂಡಸಿಗೆ ಅಷ್ಟು ಸಲೀಸಾದ ಬೈಗುಳವನ್ನು ಭಾಷೆ ಮಾಡಿಕೊಂಡಿಲ್ಲ. ಹಂಪಿಯ ಸುತ್ತ ಮರದ ಕೊಂಬೆಗೆ ಬಟ್ಟೆಯ ಗಂಟು ಕಟ್ಟುವವಳು, ಅರಳಿಕಟ್ಟೆಯ ನಾಗರಕಲ್ಲಿಗೆ ಹಾಲೆರೆಯುವವಳು, ಹುಲಿಗೆಮ್ಮನಿಗೆ ಹರಕೆ ಹೊರುವವಳು ಅವಳೇ. ಗಂಡನ ವೀರ್ಯ ಪರೀಕ್ಷೆ ಆಗುವಷ್ಟರಲ್ಲಿ ಎಷ್ಟೋ ಹೆಂಗಸರು ಮೂರು ಊರಿನ ಡಾಕ್ಟರುಗಳನ್ನು ಕಂಡಿರುತ್ತಾರೆ. ಪ್ರಪಂಚದಲ್ಲಿ ಆರರಲ್ಲಿ ಒಬ್ಬರಿಗೆ ಬದುಕಿನ ಯಾವುದೋ ಘಟ್ಟದಲ್ಲಿ ಬಂಜೆತನದ ತೊಂದರೆ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಆ ಲೆಕ್ಕದಲ್ಲಿ ಗಂಡಸರೂ ಇದ್ದಾರೆ. ದಾನಿಯ ಹೆಸರು ಮುಚ್ಚಿಡಬೇಕೆಂಬ ಒತ್ತಡದ ಹಿಂದೆ ಬಹುಪಾಲು ಇರುವುದು ಈ ಗಂಡಸಿನ ಮರ್ಯಾದೆ. ಮಗುವಿನ ಹಿತದ ಮಾತು ಆಮೇಲೆ ಬಂದು ಸೇರಿಕೊಂಡದ್ದು.

ಈ ಚಿಕಿತ್ಸೆಯ ಚರಿತ್ರೆ ಶುರುವಾಗುವುದೇ ಒಂದು ಅನ್ಯಾಯದಿಂದ. 1884ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಲಿಯಂ ಪ್ಯಾನ್‌ಕೋಸ್ಟ್ ಎಂಬ ವೈದ್ಯ ಒಬ್ಬ ಮಹಿಳೆಗೆ ಪ್ರಜ್ಞೆ ತಪ್ಪಿಸಿ, ತನ್ನ ವಿದ್ಯಾರ್ಥಿಯೊಬ್ಬನ ವೀರ್ಯವನ್ನು ಅವಳ ಗರ್ಭಕ್ಕೆ ಸೇರಿಸಿದ. ಅವಳನ್ನು ಕೇಳಿರಲಿಲ್ಲ. ಗಂಡನಿಗೆ ಆಮೇಲೆ ಹೇಳಿದರು, ಅವಳಿಗೆ ಹೇಳಬೇಡಿ ಎಂದು ಗಂಡನೇ ಬೇಡಿಕೊಂಡ. ಸಂಗತಿ ಹೊರಗೆ ಬಂದದ್ದು 1909ರಲ್ಲಿ, ಆ ದಿನ ಕೋಣೆಯಲ್ಲಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬನಾದ ಅಡಿಸನ್ ಡೇವಿಸ್ ಹಾರ್ಡ್ ವೈದ್ಯ ಪತ್ರಿಕೆಯೊಂದರಲ್ಲಿ ಬರೆದಾಗ. ಹೆಪ್ಪುಗಟ್ಟಿಸಿಟ್ಟ ವೀರ್ಯದಿಂದ ಮಕ್ಕಳು ಹುಟ್ಟಿದ ಮೊದಲ ವರದಿ 1953ರದು. ಅಲ್ಲಿಂದ ಮುಂದೆ ದಾನಿಯೂ ಪಡೆಯುವವಳೂ ಒಂದೇ ದಿನ, ಒಂದೇ ಊರಿನಲ್ಲಿ ಇರಬೇಕೆಂಬ ಕಟ್ಟು ತಪ್ಪಿತು. ವೀರ್ಯ ಬ್ಯಾಂಕು ಎನ್ನುವುದು ಸಾಧ್ಯವಾಯಿತು.

ಪ್ಯಾನ್‌ಕೋಸ್ಟ್‌ನ ಕಥೆಯ ಪಕ್ಕದಲ್ಲಿ ತುಂಗಭದ್ರೆಯ ದಡದ ಕಥೆಯೊಂದನ್ನು ಇಟ್ಟು ನೋಡಬೇಕು. ಹಂಪಿಯಿಂದ ಹೊಳೆ ದಾಟಿದರೆ ಆನೆಗೊಂದಿ, ಅದರಾಚೆ ಅಂಜನಾದ್ರಿ. ಸುತ್ತಲಿನ ಸೀಮೆಯನ್ನು ಜನ ಕಿಷ್ಕಿಂಧೆ ಎಂದೇ ನಂಬಿದ್ದಾರೆ. ಹನುಮ ಹುಟ್ಟಿದ್ದು ತಮ್ಮ ಬೆಟ್ಟದಲ್ಲಿ ಎಂದು ತಿರುಮಲದವರು 2021ರಲ್ಲಿ ಘೋಷಿಸಿದಾಗ ಇಲ್ಲಿಯವರು ಎದ್ದು ನಿಂತು ವಾದಿಸಿದರು. ಸ್ವಾರಸ್ಯ ಏನೆಂದರೆ, ಜಗಳವೆಲ್ಲ ಹುಟ್ಟಿದ ಊರಿನದು. ಹುಟ್ಟಿಸಿದವರ ಬಗ್ಗೆ ಯಾರಿಗೂ ತಕರಾರಿಲ್ಲ. ಹನುಮ ಕೇಸರಿಯ ಮಗ, ವಾಯುವಿನ ಮಗ, ಅಂಜನೆಯ ಮಗ. ಮೂರೂ ಹೆಸರನ್ನು ಒಂದೇ ಭಜನೆಯಲ್ಲಿ ಹಾಡುತ್ತಾರೆ.

ವಾಲ್ಮೀಕಿ ಈ ಸಂಬಂಧಕ್ಕೆ ಬಳಸುವ ಪದಗಳು ಕೋರ್ಟಿನ ಕಾಗದದಷ್ಟು ಖಚಿತ. ಹನುಮ ಕೇಸರಿಗೆ ಕ್ಷೇತ್ರಜ, ಅಂದರೆ ಹೆಂಡತಿಯಲ್ಲಿ ಇನ್ನೊಬ್ಬನಿಂದ ಹುಟ್ಟಿದ ಮಗ, ವಾಯುವಿಗೆ ಔರಸ, ಅಂದರೆ ಸ್ವಂತ ಮಗ. ಇದನ್ನು ಹನುಮನಿಗೆ ನೆನಪಿಸುವವನು ಜಾಂಬವಂತ. ಕಡಲ ದಡದಲ್ಲಿ ಕಪಿಸೇನೆಯೆಲ್ಲ ಕೈಚೆಲ್ಲಿ ಕೂತಾಗ, ಒಂದು ಬದಿಗೆ ಸುಮ್ಮನೆ ಕೂತಿದ್ದ ಹನುಮನ ಬಳಿಗೆ ಹೋಗಿ, ಎಲ್ಲರೆದುರೇ ಅವನ ಜನ್ಮವೃತ್ತಾಂತ ಹೇಳುತ್ತಾನೆ. ಬೆಟ್ಟದ ಮೇಲೆ ಗಾಳಿ ತಾಕಿದಾಗ ಅಂಜನೆ ಬೆಚ್ಚಿ ಯಾರದು ಎಂದು ಗದರಿದ್ದು, ವಾಯು ತನ್ನ ಗುರುತು ಹೇಳಿಕೊಂಡದ್ದು, ಅವಳ ವ್ರತಕ್ಕೆ ಭಂಗವಿಲ್ಲವೆಂದು ಮಾತು ಕೊಟ್ಟದ್ದು, ಅವಳು ಸಮಾಧಾನಗೊಂಡದ್ದು ಎಲ್ಲವೂ ಅಲ್ಲಿ ಬರುತ್ತದೆ. ಮುಟ್ಟಿದ ಮೇಲೆ ಕೇಳಿದ ಒಪ್ಪಿಗೆ ಎಂಥ ಒಪ್ಪಿಗೆ ಎಂದು ಇಂದಿನ ಓದುಗ ಹುಬ್ಬೇರಿಸಬಹುದು, ಏರಿಸಲಿ. ಆದರೂ ಪ್ಯಾನ್‌ಕೋಸ್ಟ್‌ನ ಮೇಜಿನ ಮೇಲೆ ಮಲಗಿದ್ದವಳಿಗೆ ಅಷ್ಟೂ ಸಿಗಲಿಲ್ಲ. ಜನ್ಮದ ಕಥೆ ಕೇಳಿದ ಹನುಮ ಕುಗ್ಗುವುದಿಲ್ಲ, ಬೆಳೆಯುತ್ತಾನೆ. ಸಮುದ್ರ ಹಾರುವುದು ಅದಾದ ಮೇಲೆ. ಹುಟ್ಟಿನ ಗುಟ್ಟು ಹೇಳಿದವನು ಕರಡಿಗಳ ಒಡೆಯ ಎನ್ನುವುದು, 1994ರಿಂದ ಕರಡಿಧಾಮ ಇರುವ ದರೋಜಿಯವರಿಗೆ ಒಂದು ಸಣ್ಣ ಹೆಮ್ಮೆಯಾದರೆ ತಪ್ಪೇನಿಲ್ಲ.

ದರೋಜಿ ಸೇರಿರುವ ಸಂಡೂರು ತಾಲ್ಲೂಕಿನ ದೇವರು ಇನ್ನೂ ಮುಂದೆ ಹೋಗುತ್ತಾನೆ. ಅಲ್ಲಿಯ ಬೆಟ್ಟದ ಮೇಲಿನ ಕುಮಾರಸ್ವಾಮಿ ಶಿವನ ತೇಜಸ್ಸಿನಿಂದ ಹುಟ್ಟಿದವನು. ಆ ತೇಜಸ್ಸನ್ನು ಹೊತ್ತವನು ಅಗ್ನಿ, ತಾಳಲಾರದೆ ಇಳಿಸಿದ್ದು ಗಂಗೆಯಲ್ಲಿ, ಮಗು ಮೈತಳೆದದ್ದು ಜೊಂಡುಹುಲ್ಲಿನ ನಡುವೆ, ಹಾಲೂಡಿಸಿದವರು ಆರು ಮಂದಿ ಕೃತ್ತಿಕೆಯರು, ಮಗ ಎಂದು ಎತ್ತಿಕೊಂಡವಳು ಪಾರ್ವತಿ. ಇಂದಿನ ಆಸ್ಪತ್ರೆಯ ಫಾರಂನಲ್ಲಿ ಇಷ್ಟೂ ಜನರನ್ನು ಕೂಡಿಸಲು ಕಾಲಂಗಳೇ ಸಾಲುವುದಿಲ್ಲ. ಪುರಾಣ ಮಾಡಿದ ಉಪಾಯ ಸರಳ: ಎಲ್ಲರ ಹೆಸರನ್ನೂ ಮಗುವಿಗೇ ಇಟ್ಟಿತು. ಅಗ್ನಿಭೂ, ಗಾಂಗೇಯ, ಶರವಣಭವ, ಕಾರ್ತಿಕೇಯ, ಷಾಣ್ಮಾತುರ. ಕೊನೆಯದಕ್ಕೆ ಆರು ತಾಯಂದಿರ ಮಗ ಎಂದೇ ಅರ್ಥ.

ಧರ್ಮಶಾಸ್ತ್ರಕ್ಕೆ ಪುರಾಣದ ಈ ಉದಾರತೆ ಇಲ್ಲ, ಆದರೆ ಲೆಕ್ಕ ಇದೆ. ಯಾಜ್ಞವಲ್ಕ್ಯ ಸ್ಮೃತಿ ಹನ್ನೆರಡು ಬಗೆಯ ಮಕ್ಕಳನ್ನು ಎಣಿಸುತ್ತದೆ. ಅದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, ಆರನೆಯ ವಿಕ್ರಮಾದಿತ್ಯನ ಕಾಲದವನು. ಹಿಂದೂ ಆಸ್ತಿಹಕ್ಕಿನ ವ್ಯಾಜ್ಯಗಳಲ್ಲಿ ವಕೀಲರು ಇಂದಿಗೂ ಅವನ ಹೆಸರು ಎತ್ತುತ್ತಾರೆ. ಆ ಹನ್ನೆರಡರಲ್ಲಿ ಔರಸ, ದತ್ತಕ, ಕ್ಷೇತ್ರಜರ ಜೊತೆ ಗೂಢಜನೂ ಒಬ್ಬ: ಮನೆಯೊಳಗೇ ಗುಟ್ಟಾಗಿ ಹುಟ್ಟಿದ, ತಂದೆ ಯಾರೆಂದು ತಿಳಿಯದ ಮಗ. ಅವನು ತಾಯಿಯ ಗಂಡನಿಗೇ ಸೇರುತ್ತಾನೆ. ಇಂದಿನ ಅನಾಮಿಕ ದಾನದ ಮಗುವಿಗೆ ಸ್ಮೃತಿಕಾರರ ಪಟ್ಟಿಯಲ್ಲಿ ತೀರ ಹತ್ತಿರದ ಹೆಸರು ಇದೇ. ಕ್ಷೇತ್ರಜ ಮಗನಿಗಾಗಿ ಇನ್ನೊಬ್ಬನನ್ನು ನೇಮಿಸುವ ಪದ್ಧತಿಯಾದ ನಿಯೋಗದಲ್ಲಿ ಕೊಡುವವನು ಯಾರೆಂದು ಕುಟುಂಬಕ್ಕೆ ಗೊತ್ತಿರುತ್ತಿತ್ತು. ಗೊತ್ತಿರಬೇಕೆನ್ನುವುದೇ ಅದರ ಕಟ್ಟುಪಾಡಾಗಿತ್ತು. ನಿಯೋಗ ಕಲಿಯುಗಕ್ಕೆ ವರ್ಜ್ಯ ಎಂದು ನಂತರದ ಶಾಸ್ತ್ರಕಾರರು ಬಾಗಿಲು ಹಾಕಿದರು, ಔರಸ ಮತ್ತು ದತ್ತಕ ಮಾತ್ರ ಉಳಿದರು.

ಹೇಳದೆ ಇಟ್ಟ ಗುಟ್ಟು ತಡವಾಗಿ ಒಡೆದರೆ ಏನಾಗುತ್ತದೆ ಎಂದು ಕನ್ನಡ ಸಾಹಿತ್ಯಕ್ಕೆ ಚೆನ್ನಾಗಿ ಗೊತ್ತು. ಕುಮಾರವ್ಯಾಸನ ಕರ್ಣನಿಗೆ ತನ್ನ ಹುಟ್ಟು ತಿಳಿಯುವುದು ಯುದ್ಧದ ಹೊಸ್ತಿಲಲ್ಲಿ, ಅದೂ ಅವನನ್ನು ಒಡೆಯುವ ಉದ್ದೇಶದಿಂದ. ಗಮಕಿಗಳು ಆ ಭಾಗವನ್ನು ಕರ್ಣಭೇದನ ಎಂದು ಕರೆಯುವುದು ಸುಮ್ಮನೆ ಅಲ್ಲ. ಎಸ್‌. ಎಲ್‌. ಭೈರಪ್ಪನವರ ‘ವಂಶವೃಕ್ಷ’ (1965) ಇದನ್ನು ನಂಜನಗೂಡಿನ ಒಂದು ಮನೆಗೆ ತಂದಿತು. ವಂಶ, ಗೋತ್ರ, ಕುಲಧರ್ಮ ಎಂದು ಬದುಕಿಡೀ ನಂಬಿದ, ವಿಧವೆ ಸೊಸೆಯನ್ನೂ ಅದೇ ಅಳತೆಗೋಲಿನಲ್ಲಿ ಅಳೆದ ಶ್ರೀನಿವಾಸ ಶ್ರೋತ್ರಿಗೆ ಮುಪ್ಪಿನಲ್ಲಿ ಹಳೆಯ ಕಾಗದವೊಂದು ಸಿಗುತ್ತದೆ. ಆಸ್ತಿ ದಾಯಾದಿಗೆ ಹೋಗಬಾರದೆಂಬ ಹಟಕ್ಕೆ ಮನೆಯವರೇ ಏರ್ಪಾಟು ಮಾಡಿ ಹೊರಗಿನವನೊಬ್ಬನಿಂದ ಪಡೆದ ಮಗು ತಾನು ಎಂದು ಆ ಕಾಗದದಿಂದ ತಿಳಿಯುತ್ತದೆ. 1970ರ ದಶಕದ ಆರಂಭದಲ್ಲಿ ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಇದನ್ನು ಸಿನಿಮಾ ಮಾಡಿದರು. ವೀರ್ಯ ಬ್ಯಾಂಕುಗಳು ನಮ್ಮ ಊರುಗಳಿಗೆ ಬರುವ ಎಷ್ಟೋ ಮೊದಲೇ ಕನ್ನಡದ ಓದುಗ ದಾನಿಯ ಮಗುವಿನ ಪಾಡನ್ನು ಓದಿ ಕಣ್ಣೊರೆಸಿಕೊಂಡಿದ್ದ. ಅದಕ್ಕೆ ಆ ಹೆಸರು ಇರಲಿಲ್ಲ, ಅಷ್ಟೆ.

ಕಾನೂನಿನ ಕಡೆ ಬರೋಣ. ಭಾರತದಲ್ಲಿ ಮೊದಲು ಇದ್ದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2005ರ ಮಾರ್ಗಸೂಚಿ. ಹೆಂಡತಿಯ ಅಥವಾ ಗಂಡನ ನೆಂಟ, ಪರಿಚಯದ ಗೆಳೆಯ ದಾನಿಯಾಗಕೂಡದು ಎಂದು ಅದು ಹೇಳಿತು. ಹೆಪ್ಪುಗಟ್ಟಿಸಿದ ವೀರ್ಯವನ್ನು ಆರು ತಿಂಗಳು ಬಳಸದೆ ಇಟ್ಟು, ದಾನಿಯನ್ನು ಮತ್ತೊಮ್ಮೆ ಎಚ್‌ಐವಿ ಪರೀಕ್ಷೆಗೆ ಒಳಪಡಿಸಬೇಕು ಎಂದಿತು. ಅದರಲ್ಲಿ ಇನ್ನೊಂದು ಸಾಲೂ ಇತ್ತು: ಮಗು 18 ವರ್ಷ ತುಂಬಿದ ಮೇಲೆ ದಾನಿಯ ಬಗ್ಗೆ, ಹೆಸರು ವಿಳಾಸ ಬಿಟ್ಟು, ಉಳಿದ ಮಾಹಿತಿ ಕೇಳಬಹುದು. ಆದರೆ ಅದು ಬರೀ ಮಾರ್ಗಸೂಚಿ, ಪಾಲಿಸದವರಿಗೆ ದಂಡವಿರಲಿಲ್ಲ.

ದಂಡ ಬಂದದ್ದು 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆಯಿಂದ. ವಕೀಲರೂ ಡಾಕ್ಟರುಗಳೂ ಅದನ್ನು ಎಆರ್‌ಟಿ ಕಾಯ್ದೆ ಎನ್ನುತ್ತಾರೆ; ಜಾರಿಗೆ ಬಂದದ್ದು 2022ರ ಜನವರಿ 25ರಂದು. ವೀರ್ಯದಾನಿಗೆ 21ರಿಂದ 55 ವರ್ಷ ವಯಸ್ಸು ಇರಬೇಕು. ಒಬ್ಬನ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡುವಂತಿಲ್ಲ. ಚಿಕಿತ್ಸೆ ಪಡೆಯುವ ಹೆಣ್ಣಿಗೆ 50, ಗಂಡಿಗೆ 55 ವಯಸ್ಸಿನ ಮೇಲ್ಮಿತಿ. ಮೊದಲ ಸಲ ತಪ್ಪಿದರೆ 5ರಿಂದ 10 ಲಕ್ಷ ರೂಪಾಯಿ ದಂಡ, ಮತ್ತೆ ತಪ್ಪಿದರೆ 3ರಿಂದ 8 ವರ್ಷ ಜೈಲು. ದಾನಿಗೆ ಮಗುವಿನ ಮೇಲೆ ಹಕ್ಕೂ ಇಲ್ಲ, ಹೊಣೆಯೂ ಇಲ್ಲ. ಮಗು ದಂಪತಿಯದೇ, ಕಾಯ್ದೆಯ ಭಾಷೆಯಲ್ಲಿ ಅವರ ಜೈವಿಕ ಮಗು ಎಂದು ಭಾವಿಸತಕ್ಕದ್ದು. ಜೀವಶಾಸ್ತ್ರವನ್ನೇ ಕಲಮು ಹಾಕಿ ತೀರ್ಮಾನಿಸುವ ಧೈರ್ಯ ಕಾನೂನಿಗೆ ಮಾತ್ರ ಇದ್ದೀತು. ಆದರೂ ಇದು ಮಗುವಿಗೆ ಒಳ್ಳೆಯದೇ: ಮುಂದೊಂದು ದಿನ ಗಂಡ ಹೆಂಡತಿ ಬೇರೆಯಾದಾಗ, ಇದು ನನ್ನ ಮಗುವಲ್ಲ ಎಂದು ಕೈ ಝಾಡಿಸಿಕೊಳ್ಳುವ ದಾರಿ ಮುಚ್ಚುತ್ತದೆ.

ದಾನಿಯ ವಿಚಾರಕ್ಕೆ ಬಂದರೆ ಕಾಯ್ದೆಯ ನಡೆ ವಿಚಿತ್ರ. ಬ್ಯಾಂಕು ದಾನಿಯ ಹೆಸರು, ವಿಳಾಸ, ಆಧಾರ್ ಸಂಖ್ಯೆ ಪಡೆದೇ ತೀರಬೇಕು. ದಾಖಲೆಗಳನ್ನು ಕನಿಷ್ಠ ಹತ್ತು ವರ್ಷ ಇಟ್ಟು, ಆಮೇಲೆ ರಾಷ್ಟ್ರೀಯ ರಿಜಿಸ್ಟ್ರಿಗೆ ವರ್ಗಾಯಿಸಬೇಕು. ಅಂದರೆ ನಿಜವಾದ ಅರ್ಥದಲ್ಲಿ ಅನಾಮಿಕ ಎನ್ನುವವನು ಈಗ ಇಲ್ಲವೇ ಇಲ್ಲ. ಹೆಸರಿದೆ, ಬೀಗವೂ ಇದೆ. ಬೀಗ ತೆಗೆಯುವುದು ಯಾವಾಗ? ವೈದ್ಯಕೀಯ ತುರ್ತು ಬಂದು ದಂಪತಿ ಕೇಳಿದಾಗ, ಇಲ್ಲವೆ ನ್ಯಾಯಾಲಯ ಆದೇಶಿಸಿದಾಗ. ಮಗು ಕೇಳಿದಾಗ ಎಂದು ಎಲ್ಲೂ ಬರೆದಿಲ್ಲ. 2005ರ ಮಾರ್ಗಸೂಚಿಯಲ್ಲಿದ್ದ 18ರ ಹರೆಯದ ಆ ಒಂದು ಸಾಲು ಕಾಯ್ದೆಯಾಗುವ ಹೊತ್ತಿಗೆ ಕಾಣೆಯಾಗಿತ್ತು.

ಒಬ್ಬ ದಾನಿ, ಒಂದೇ ದಂಪತಿ ಎಂಬ ನಿಯಮವನ್ನು ವೈದ್ಯರು ಬಿಗಿ ಎಂದು ಗೊಣಗುತ್ತಾರೆ. ದಾನಿಗಳು ಸಿಗುವುದಿಲ್ಲ, ಖರ್ಚು ಏರುತ್ತದೆ. ಆದರೆ ನಮ್ಮ ಸೀಮೆಯಲ್ಲಿ ನಿಂತು ನೋಡಿದರೆ ಈ ಬಿಗಿಗೆ ಬಲವಾದ ಕಾರಣ ಕಾಣುತ್ತದೆ. ಬಳ್ಳಾರಿ, ವಿಜಯನಗರ ಜಿಲ್ಲೆಗಳಲ್ಲಿ ಹೆಣ್ಣು ಗಂಡು ನೋಡುವಾಗ ಮೊದಲ ಪ್ರಶ್ನೆ ಬೆಡಗು, ಅಂದರೆ ವಂಶದ ಕವಲು, ಯಾವುದು ಎಂದು. ಒಂದೇ ಬೆಡಗಿನವರು ಅಣ್ಣತಂಗಿಯರ ಸಮಾನ, ಅಲ್ಲಿಗೆ ಮಾತು ಮುಗಿಯಿತು. ಅದೇ ಹೊತ್ತಿಗೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವುದು ಇನ್ನೂ ರೂಢಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಕಾಲುಭಾಗಕ್ಕೂ ಹೆಚ್ಚು ಮದುವೆಗಳು ರಕ್ತಸಂಬಂಧದೊಳಗಿನವು. ಇಷ್ಟು ಒತ್ತಾಗಿ ಹೆಣೆದ ನೆಂಟಸ್ತಿಕೆಯ ನಡುವೆ ಒಬ್ಬನೇ ದಾನಿಯ ಐದಾರು ಮಕ್ಕಳು ಹತ್ತಿರದ ಊರುಗಳಲ್ಲಿ ಬೆಳೆದರೆ, ಬೆಡಗು ಕೇಳಿ ಜಾತಕ ಕೂಡಿಸಿದ ಹಿರಿಯರಿಗೆ ಮುಖ್ಯವಾದ ಸಂಗತಿಯೇ ಗೊತ್ತಿರುವುದಿಲ್ಲ. 2022ಕ್ಕೆ ಮುಂಚೆ ಹುಟ್ಟಿದವರ ಮಟ್ಟಿಗೆ ಈ ಮಾತು ಬರೀ ಕಲ್ಪನೆಯಲ್ಲ. ಆಗ ಒಬ್ಬ ದಾನಿಯ ವೀರ್ಯ ಒಂದೇ ಮನೆಗೆ ಎಂಬ ಕಾನೂನು ಇರಲಿಲ್ಲ.

ಮಿತಿ ಇಲ್ಲದಿದ್ದರೆ ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕೆ ಯುರೋಪು ಸಾಕ್ಷಿ. ನೆದರ್ಲೆಂಡ್ಸಿನ ಒಬ್ಬ ದಾನಿಗೆ 550ಕ್ಕೂ ಹೆಚ್ಚು ಮಕ್ಕಳು ಹುಟ್ಟಿರಬಹುದೆಂದು ತಿಳಿದು, ಇನ್ನು ದಾನ ಮಾಡಬೇಡ ಎಂದು ಹೇಗ್ ನಗರದ ನ್ಯಾಯಾಲಯ 2023ರಲ್ಲಿ ತಡೆ ಹಾಕಿತು. 2025ರ ಮೇ ತಿಂಗಳಲ್ಲಿ ಇನ್ನೊಂದು ಸುದ್ದಿ ಬಂತು. ಕ್ಯಾನ್ಸರ್ ಅಪಾಯ ತರುವ ಟಿಪಿ53 ಎಂಬ ವಂಶವಾಹಿಯ ದೋಷ ಇದ್ದ ಒಬ್ಬ ದಾನಿಯಿಂದ ಹಲವು ದೇಶಗಳಲ್ಲಿ ಹುಟ್ಟಿದ 67 ಮಕ್ಕಳನ್ನು ಗುರುತಿಸಲಾಗಿತ್ತು, ಅವರಲ್ಲಿ 10 ಮಕ್ಕಳಿಗೆ ಆಗಲೇ ಕ್ಯಾನ್ಸರ್ ಬಂದಿತ್ತು. ವರ್ಷದ ಕೊನೆಗೆ ಪತ್ರಕರ್ತರ ತನಿಖೆ ಆ ಮಕ್ಕಳ ಸಂಖ್ಯೆ ಕನಿಷ್ಠ 197 ಎಂದಿತು. ದಾನಿ ಆರೋಗ್ಯವಾಗಿದ್ದ, ಆತನ ತಪ್ಪೇನೂ ಇಲ್ಲ. ಅಪಾಯ ತಿಳಿದ ಮೇಲೆ ಆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಹೇಳಬೇಕಾಗಿ ಬಂದದ್ದು ದೊಡ್ಡ ಕೆಲಸ. ನಿಮ್ಮ ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದೆಯೇ ಎಂದು ಡಾಕ್ಟರು ಕೇಳಿದಾಗ, ವಿಷಯ ಗೊತ್ತಿಲ್ಲದ ದಾನಿಯ ಮಗು ಸಾಕಿದ ಅಪ್ಪನ ಕಡೆಯ ಚರಿತ್ರೆಯನ್ನು ನಂಬಿ ಹೇಳುತ್ತದೆ. ಅದು ತಪ್ಪು ಚರಿತ್ರೆ.

ಗುಟ್ಟು ಒಡೆಯಲು ದೊಡ್ಡ ತಂತ್ರಜ್ಞಾನವೇನೂ ಬೇಕಿಲ್ಲ. ದೆಹಲಿಯ ಆಸ್ಪತ್ರೆಯೊಂದರಲ್ಲಿ 2009ರಲ್ಲಿ ಹುಟ್ಟಿದ ಅವಳಿ ಹೆಣ್ಣುಮಕ್ಕಳ ಪೈಕಿ ಒಂದರ ರಕ್ತದ ಗುಂಪು ಎಬಿ. ತಾಯಿಯದು ಬಿ, ತಂದೆಯದು ಓ. ಓ ಗುಂಪಿನ ತಂದೆಗೆ ಎಬಿ ಮಗು ಹುಟ್ಟುವುದಿಲ್ಲ ಎನ್ನುವುದು ಪಿಯುಸಿ ಜೀವಶಾಸ್ತ್ರದ ಪಾಠ. ಡಿಎನ್‌ಎ ಪರೀಕ್ಷೆಯಿಂದ ವೀರ್ಯ ಬೇರೆಯವರದು ಎಂದು ಖಚಿತವಾಯಿತು, 2023ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಒಂದೂವರೆ ಕೋಟಿ ರೂಪಾಯಿ ಕೊಡಲು ಆದೇಶಿಸಿತು. ಅಲ್ಲಿ ದಂಪತಿಗೂ ತಿಳಿಸದೆ ಆದ ಅದಲುಬದಲು, ಆ ಮಾತು ಬೇರೆ. ಆದರೆ ರಕ್ತದ ಗುಂಪು ಇಂದು ಶಾಲೆಯ ಮಕ್ಕಳ ಕೊರಳಿನ ಐಡಿ ಕಾರ್ಡಿನಲ್ಲೇ ಇರುತ್ತದೆ. ಜೊತೆಗೆ ವಿದೇಶಗಳಲ್ಲಿ ಉಗುಳು ಕಳಿಸಿದರೆ ನೆಂಟರ ಪಟ್ಟಿ ಕೊಡುವ ಡಿಎನ್‌ಎ ಕಂಪನಿಗಳಿವೆ. ಅಲ್ಲಿ ನೆಲೆಸಿದ ನಮ್ಮ ಹುಡುಗನೊಬ್ಬ ಕುತೂಹಲಕ್ಕೆ ಪರೀಕ್ಷೆ ಮಾಡಿಸಿದರೆ ಹೊಸಪೇಟೆಯ ದಾನಿ ಹೊಸಪೇಟೆಯಲ್ಲೇ ಕೂತು ಸಿಕ್ಕಿಬೀಳಬಹುದು. ಅವನು ಪರೀಕ್ಷೆ ಮಾಡಿಸಬೇಕಿಲ್ಲ, ಅವನ ಅಣ್ಣನ ಮಗ ಮಾಡಿಸಿದರೆ ಸಾಕು. ಕೊನೆಯವರೆಗೂ ಗುಟ್ಟು ಎಂದು ದಾನಿಗೆ ಕೊಡುವ ಭರವಸೆಯನ್ನು ಯಾವ ಬ್ಯಾಂಕೂ ಇನ್ನು ಪ್ರಾಮಾಣಿಕವಾಗಿ ಕೊಡಲಾರದು.

ಇಷ್ಟರ ನಡುವೆ, ಮುಚ್ಚಿಡದೆಯೇ ಈ ದಾರಿ ಹಿಡಿದವರೊಬ್ಬರು ಕರ್ನಾಟಕದಲ್ಲೇ ಕಂಡರು. ದಾವಣಗೆರೆ ಮೂಲದ ನಟಿ, ಭರತನಾಟ್ಯ ಕಲಾವಿದೆ ಭಾವನಾ ರಾಮಣ್ಣ 2025ರ ಜುಲೈಯಲ್ಲಿ ತಾವು ಆರು ತಿಂಗಳ ಗರ್ಭಿಣಿ, ಅವಳಿ ಮಕ್ಕಳು, ಮದುವೆಯಾಗಿಲ್ಲ, ದಾನಿಯ ವೀರ್ಯದಿಂದ ಐವಿಎಫ್ ಮಾಡಿಸಿಕೊಂಡದ್ದು ಎಂದು ತಾವೇ ಪ್ರಕಟಿಸಿದರು. ನಲವತ್ತರ ಹರೆಯದಲ್ಲಿ ತಾಯಿಯಾಗುವ ಆಸೆ ಮೂಡಿದ್ದನ್ನೂ, ಒಂಟಿ ಹೆಣ್ಣು ಎಂದು ಹಲವು ವೈದ್ಯರು ತಿರುಗಿಸಿ ಕಳಿಸಿದ್ದನ್ನೂ ಹೇಳಿಕೊಂಡರು. ಆಮೇಲೆ ಹೆರಿಗೆಯಾಯಿತು, ಒಂದು ಹೆಣ್ಣುಮಗು ಉಳಿಯಿತು, ಇನ್ನೊಂದು ಉಳಿಯಲಿಲ್ಲ. ಎಆರ್‌ಟಿ ಕಾಯ್ದೆ ವಯೋಮಿತಿಯೊಳಗಿನ ಯಾವ ಹೆಣ್ಣಿಗೂ ಚಿಕಿತ್ಸೆಯ ಅವಕಾಶ ಕೊಟ್ಟಿರುವಾಗ ವೈದ್ಯರು ತಿರುಗಿಸಿ ಕಳಿಸಿದ್ದು ಕಾನೂನಿನ ಕಾರಣದಿಂದಲ್ಲ. ಮದುವೆಯಾಗದೆ ಕೂಡಿ ಬಾಳುವ ಜೋಡಿಗೆ, ಸಲಿಂಗ ಜೋಡಿಗೆ ಜೋಡಿಯಾಗಿ ಬರುವ ಹಕ್ಕನ್ನು ಕಾಯ್ದೆ ಕೊಟ್ಟಿಲ್ಲ ಎನ್ನುವುದೂ ಇಲ್ಲಿ ಹೇಳಬೇಕಾದ ಮಾತು.

ತಂದೆಯಿಲ್ಲದ ಮನೆಗೆ ಮಗುವನ್ನು ತರುವುದು ಸರಿಯೇ ಎಂಬ ಪ್ರಶ್ನೆ ಭಾವನಾ ಅವರಿಗೆ ಬೇಕಾದಷ್ಟು ಬಂತು. ಗಂಡ ತೀರಿಕೊಂಡವಳು, ಗಂಡ ಬಿಟ್ಟುಹೋದವಳು ಮಕ್ಕಳನ್ನು ಸಾಕುವುದನ್ನು ದಿನಾ ನೋಡುವ ಊರಿಗೆ ಈ ಪ್ರಶ್ನೆ ಇಷ್ಟು ಹೊಸದಾಗಿ ಯಾಕೆ ಕಾಣಬೇಕೋ ತಿಳಿಯದು. ತೊಡಕು ಇರುವುದು ಕಾಗದದಲ್ಲಿ. ಅವಿವಾಹಿತ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪೋಷಕಳಾಗಬಹುದು, ಪ್ರಮಾಣಪತ್ರ ಕೊಟ್ಟು ಜನನ ಪತ್ರ ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2015ರ ಜುಲೈಯಲ್ಲಿ ಹೇಳಿತು. ದಾನಿಯ ವೀರ್ಯದಿಂದ ಗರ್ಭ ಧರಿಸಿದ ಒಂಟಿ ಮಹಿಳೆಯಿಂದ ಜನನ ನೋಂದಣಿಗೆ ತಂದೆಯ ವಿವರ ಕೇಳುವುದು ಅವಳ ಘನತೆಗೆ ಧಕ್ಕೆ, ಅದಕ್ಕೆ ಬೇರೆಯೇ ನಮೂನೆ ಮಾಡಿ ಎಂದು ಕೇರಳ ಹೈಕೋರ್ಟ್ 2021ರ ಆಗಸ್ಟ್‌ನಲ್ಲಿ ಸರ್ಕಾರಕ್ಕೆ ಹೇಳಿತು.

ತಂದೆಯ ಹೆಸರಿನ ಕಾಲಂ ಎಂದೊಡನೆ ಹೊಸಪೇಟೆ, ಸಂಡೂರು, ಕೂಡ್ಲಿಗಿಯವರಿಗೆ ಬೇರೊಂದು ಸಂಗತಿ ನೆನಪಾಗುತ್ತದೆ. ದೇವದಾಸಿ ತಾಯಂದಿರ ಮಕ್ಕಳು ಶಾಲೆಗೆ ಸೇರುವ ದಿನವೇ ಈ ಕಾಲಂ ಎದುರಾಗುತ್ತಿತ್ತು. ದೇವದಾಸಿ ಬಿಡುವುದನ್ನು ರಾಜ್ಯ 1982ರ ಕಾಯ್ದೆಯಿಂದ ನಿಷೇಧಿಸಿದರೂ, ಎರಡು ಸರ್ಕಾರಿ ಸಮೀಕ್ಷೆಗಳು ಸೇರಿ ಗುರುತಿಸಿದ ದೇವದಾಸಿಯರ ಸಂಖ್ಯೆ 46,660. ಅವರ ಮಕ್ಕಳು ವರ್ಷಗಟ್ಟಲೆ ಬೀದಿಗಿಳಿದು ಕೇಳಿದ್ದು ಎರಡು: ತಂದೆಯ ಹೆಸರು ಬರೆಯಲೇಬೇಕೆಂದು ನಮ್ಮನ್ನು ಹಿಂಸಿಸಬೇಡಿ, ಮತ್ತು ತಂದೆ ಯಾರೆಂದು ನಮಗೆ ತಿಳಿಯಬೇಕೆನಿಸಿದರೆ ಅಡ್ಡ ಬರಬೇಡಿ. 2025ರ ಆಗಸ್ಟ್‌ನಲ್ಲಿ ರಾಜ್ಯ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಮಸೂದೆ ಎರಡನ್ನೂ ಮನ್ನಿಸಿತು. ದಾಖಲೆಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ. ಬೇಕೆಂದರೆ ತಂದೆಯನ್ನು ಗುರುತಿಸುವ ಹಕ್ಕು, ಅಗತ್ಯ ಬಿದ್ದರೆ ಡಿಎನ್‌ಎ ಪರೀಕ್ಷೆಯ ಮೂಲಕ.

ದೇವದಾಸಿಯರ ಮಕ್ಕಳ ಪಾಡನ್ನೂ ದಾನಿಯ ಮಕ್ಕಳ ಪಾಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಅಲ್ಲಿ ಶೋಷಣೆ ಮಾಡಿ ಮರೆಯಾದ ಗಂಡಸು, ಇಲ್ಲಿ ಕಾನೂನಿನ ಅನುಮತಿಯಿಂದ ಕೊಟ್ಟುಹೋದವನು. ಅಲ್ಲಿ ಹೊಣೆ ಹೊರಬೇಕಾದವನು, ಇಲ್ಲಿ ಹೊಣೆಯಿಂದ ಬಿಡುಗಡೆಯಾದವನು. ಆದರೆ ಪ್ರಶ್ನೆಯನ್ನು ಮಗುವಿನ ಬಾಯಿಂದ ಕೇಳಿದರೆ ಎರಡೂ ಕಡೆ ಅದೇ ಪ್ರಶ್ನೆ. ಒಂದಕ್ಕೆ ರಾಜ್ಯದ ಶಾಸನ ಉತ್ತರ ಕೊಟ್ಟಿದೆ, ಇನ್ನೊಂದಕ್ಕೆ ಕೇಂದ್ರದ ಶಾಸನ ಬಾಯಿ ಬಿಟ್ಟಿಲ್ಲ. ಸಾಧ್ಯವಾದ ಮಟ್ಟಿಗೆ ತನ್ನ ತಂದೆತಾಯಿಯರನ್ನು ಅರಿಯುವ ಹಕ್ಕು ಮಗುವಿಗಿದೆ ಎನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲೇ ಸೇರಿದೆ.

ದಾನಿಯ ಪರವಾಗಿ ಹೇಳುವ ಮಾತು ಹಗುರವಾದದ್ದಲ್ಲ. ಕಾಲೇಜಿನ ದಿನಗಳಲ್ಲಿ ಕೊಟ್ಟವನಿಗೆ ಆಮೇಲೆ ಹೆಂಡತಿ, ಮಕ್ಕಳು, ಊರಿನಲ್ಲೊಂದು ಹೆಸರು. ಇಪ್ಪತ್ತು ವರ್ಷದ ಮೇಲೆ ಬಾಗಿಲು ತಟ್ಟುವ ಯುವಕನನ್ನು ಅವನು ಯಾರೆಂದು ಪರಿಚಯಿಸಬೇಕು? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟ ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್‌. ಪುಟ್ಟಸ್ವಾಮಿ. ಗುಟ್ಟಿನ ಭರವಸೆಯ ಮೇಲೆ ಈಗಾಗಲೇ ಕೊಟ್ಟವರಿಗೆ ಆ ತೀರ್ಪಿನ ಆಸರೆ ಸಿಗಬೇಕಾದ್ದು ನ್ಯಾಯ. ಮುಂದೆ ಕೊಡುವವನ ಮಾತು ಬೇರೆ. ಮೊದಲೇ ಷರತ್ತು ಹೇಳಿ, ಒಪ್ಪಿದವನಿಂದ ಮಾತ್ರ ಪಡೆದರೆ ಯಾರ ಖಾಸಗಿತನಕ್ಕೂ ಭಂಗ ಬಾರದು.

ಹೀಗೆ ಮಾಡಿದ ದೇಶಗಳಿವೆ. ಸ್ವೀಡನ್ 1985ರಲ್ಲಿ ಮೊದಲಾಯಿತು. ಬ್ರಿಟನ್ನಿನಲ್ಲಿ 2005ರ ಏಪ್ರಿಲ್ 1ರಿಂದ ದಾನ ಮಾಡಿದವರ ಗುರುತನ್ನು ಮಗು 18ಕ್ಕೆ ಕೇಳಿ ಪಡೆಯಬಹುದು. ಆ ಮಕ್ಕಳಿಗೆ 2023ರಿಂದ 18 ತುಂಬತೊಡಗಿದೆ. ಫ್ರಾನ್ಸ್ 2022ರ ಸೆಪ್ಟೆಂಬರಿನಿಂದ ಅದೇ ದಾರಿ ಹಿಡಿಯಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2017ರಲ್ಲಿ ಹಿಂದಿನ ದಾನಿಗಳ ಹೆಸರನ್ನೂ ತೆರೆದಿಟ್ಟಿತು. ಕೊಟ್ಟ ಮಾತನ್ನು ಸರ್ಕಾರವೇ ಮುರಿದಂತಾಗಿ ಅದು ಅತಿಯಾಯಿತು. ಸ್ಪೇನ್ ಇನ್ನೂ ಗುಟ್ಟಿನ ಪರ. ಹೆಸರು ತೆರೆದರೆ ದಾನಿಗಳೇ ಬರುವುದಿಲ್ಲ ಎಂಬ ಭಯ ಎಲ್ಲ ಕಡೆ ಇತ್ತು. ಬ್ರಿಟನ್ ಹೊರಗಿನಿಂದ, ಮುಖ್ಯವಾಗಿ ಡೆನ್ಮಾರ್ಕ್ ಮತ್ತು ಅಮೆರಿಕದಿಂದ, ವೀರ್ಯ ತರಿಸಿಕೊಳ್ಳುವ ಸ್ಥಿತಿಯಲ್ಲಿದೆ ನಿಜ, ಆದರೆ ಚಿಕಿತ್ಸೆ ನಿಂತಿಲ್ಲ.

ಧರ್ಮಗಳ ನಿಲುವು ಒಂದಲ್ಲ. ಕ್ಯಾಥೊಲಿಕ್ ಚರ್ಚು ದಾನಿಯ ವೀರ್ಯವನ್ನು 1987ರ ತನ್ನ ದಾಖಲೆಯಲ್ಲಿ ಸಾರಾಸಗಟಾಗಿ ತಳ್ಳಿಹಾಕಿತು. ಸುನ್ನಿ ವಿದ್ವಾಂಸರು ವಂಶದ ಗುರುತು ಕಲಸಿಹೋಗುತ್ತದೆಂದು ಒಪ್ಪುವುದಿಲ್ಲ, ಇರಾನಿನ ಕೆಲವು ಶಿಯಾ ಧರ್ಮಗುರುಗಳು ಷರತ್ತಿನ ಮೇಲೆ ಒಪ್ಪಿದ್ದಾರೆ. ಹಿಂದೂ ಮನೆಗಳಲ್ಲಿ ಮಹಾಭಾರತದ ನಿಯೋಗವನ್ನು ತೋರಿಸಿ ಸಮಾಧಾನ ಮಾಡಿಕೊಳ್ಳುವುದುಂಟು. ಅಲ್ಲಿ ವೀರ್ಯ ಕೊಟ್ಟ ವ್ಯಾಸ ಅನಾಮಿಕನಾಗಿರಲಿಲ್ಲ ಎನ್ನುವುದನ್ನು ಮಾತ್ರ ಯಾರೂ ನೆನಪಿಸಿಕೊಳ್ಳುವುದಿಲ್ಲ. ದಾನಿಯ ಎತ್ತರ, ಓದು, ಮೈಬಣ್ಣ ಕೇಳುವುದರ ಜೊತೆಗೆ ಜಾತಿಯನ್ನೂ ಮೆಲ್ಲಗೆ ಕೇಳುವವರಿದ್ದಾರೆ. ವೀರ್ಯದ ಸೀಸೆಯಲ್ಲೂ ಕೂಸು ಕೆಂಪಗಿರಲಿ, ನಮ್ಮವರದೇ ಇರಲಿ ಎಂದು ಹುಡುಕುವವರು, ದಾನಿಯ ಬಗ್ಗೆ ಮಗುವಿಗೆ ಏನೂ ತಿಳಿಯಬಾರದು ಎನ್ನುವುದು ವಿಪರ್ಯಾಸ.

ಹೇಳಿದರೆ ಮಗು ಒಡೆದುಹೋಗುತ್ತದೆ ಎಂಬ ಅಂಜಿಕೆಗೆ ಸಿಕ್ಕ ಉತ್ತರವೂ ಇದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸೂಸನ್ ಗೊಲಂಬಾಕ್ ಮತ್ತು ಸಂಗಡಿಗರು ದಾನಿಯ ಅಥವಾ ಬಾಡಿಗೆ ತಾಯಿಯ ನೆರವಿನಿಂದ ಹುಟ್ಟಿದ ಬ್ರಿಟನ್ನಿನ ಮಕ್ಕಳನ್ನು ಎಳವೆಯಿಂದ 20 ವರ್ಷದವರೆಗೆ ಹಿಂಬಾಲಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇರೆ ಮಕ್ಕಳಿಗೂ ಇವರಿಗೂ ಮನಸ್ಸಿನ ಆರೋಗ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಏಳು ವರ್ಷದೊಳಗೆ ವಿಷಯ ತಿಳಿದವರಿಗೆ ತಾಯಿಯೊಡನೆ ಸಂಬಂಧ ಹೆಚ್ಚು ಹಸನಾಗಿತ್ತು. ಮಾದರಿ ಸಣ್ಣದು, ನೆಲ ಬೇರೆ. ನಮ್ಮ ಕೂಡುಕುಟುಂಬದಲ್ಲಿ ಏಳು ವರ್ಷದ ಮಗುವಿಗೆ ಹೇಳಿದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಆದರೂ ಹನುಮನಂತೆ ತಿಳಿಯುವುದಕ್ಕೂ ಕರ್ಣನಂತೆ ತಿಳಿಯುವುದಕ್ಕೂ ಇರುವ ಅಂತರವನ್ನು ಈ ಅಧ್ಯಯನ ಅಂಕಿಗಳಲ್ಲಿ ತೋರಿಸಿದೆ.

ಅನಾಮಿಕತೆಯಿಂದ ದಂಪತಿಗೆ ಮರ್ಯಾದೆ ಉಳಿಯುತ್ತದೆ, ದಾನಿಗೆ ನೆಮ್ಮದಿ ಸಿಗುತ್ತದೆ, ಬ್ಯಾಂಕಿಗೆ ವ್ಯವಹಾರ ಸುಲಭವಾಗುತ್ತದೆ. ಮಗುವಿಗೆ ಅದರಿಂದ ಸಿಗುವ ಲಾಭವನ್ನು ಇದುವರೆಗೆ ಯಾರೂ ಗಟ್ಟಿಯಾಗಿ ತೋರಿಸಿಲ್ಲ. ಆಗಬೇಕಾದ ತಿದ್ದುಪಡಿ ದೊಡ್ಡದೇನಲ್ಲ: 18 ತುಂಬಿದ ವ್ಯಕ್ತಿ ಅರ್ಜಿ ಹಾಕಿದರೆ ದಾನಿಯ ಆರೋಗ್ಯ ವಿವರವನ್ನು ಕೊಡತಕ್ಕದ್ದು, ಮುಂದಿನ ದಾನಿಗಳ ಮಟ್ಟಿಗೆ ಹೆಸರನ್ನೂ ಕೊಡತಕ್ಕದ್ದು. ಕಾಯ್ದೆ ಜಾರಿಯಾದ ಮೇಲೆ ಗರ್ಭದಲ್ಲಿ ಮೂಡಿ ಹುಟ್ಟಿದ ಮೊದಲ ಮಕ್ಕಳಿಗೆ 2040ರಲ್ಲಿ 18 ತುಂಬುತ್ತದೆ. ಅವರ ದಾನಿಗಳ ದಾಖಲೆ ಅಷ್ಟರಲ್ಲಿ ರಾಷ್ಟ್ರೀಯ ರಿಜಿಸ್ಟ್ರಿಗೆ ಬಂದಿರುತ್ತದೆ. ಅದನ್ನು ಕೇಳಲು ಅವರಿಗೆ ಒಂದು ಅರ್ಜಿಯ ನಮೂನೆ ಇಲ್ಲ.